ಲೈಪ್‌ಜಿಗ್‌ನಿಂದ ಪ್ರಾಗ್‌ಗೆ: ವಿದ್ಯಾರ್ಥಿಗಳ ಗುಂಪು ಪ್ರವಾಸಕ್ಕೆ ಊರುಗಳನ್ನು ಆರಿಸುವ ಬಗೆ

ಲೈಪ್‌ಜಿಗ್ ವಿದ್ಯಾರ್ಥಿನಿ:

ಜರ್ಮನಿಗೆ ಓದಲು ಬಂದ ನಮ್ಮ ಕಡೆಯ ವಿದ್ಯಾರ್ಥಿಗಳು ಸೆಮಿಸ್ಟರ್ ರಜೆ ಬಂದ ಕೂಡಲೇ ಗುಂಪು ಕಟ್ಟಿಕೊಂಡು ಪ್ರವಾಸ ಹೊರಡುವುದು ವಾಡಿಕೆ. ಆದರೆ ಯಾವ ಗುಂಪನ್ನು ಕೇಳಿದರೂ ಊರುಗಳ ಪಟ್ಟಿ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ರೋಮ್, ವಿಯೆನ್ನಾ, ಬುಡಾಪೆಸ್ಟ್. ರಾತ್ರಿ ಬಸ್ಸಿನಲ್ಲಿ ನಿದ್ದೆ, ಹಗಲು ಫೋಟೊ, ಮರುದಿನ ಮತ್ತೊಂದು ರಾಜಧಾನಿ. ಈ ವಸಂತದಲ್ಲಿ ನಮ್ಮ ಗುಂಪು ಬೇರೆ ಕ್ರಮವನ್ನು ಅನುಸರಿಸಿತು. ಓದುತ್ತಿರುವ ಊರಿನಿಂದಲೇ ಆರಂಭಿಸಿ, ಆ ಊರಿನ ಚರಿತ್ರೆಗೆ ನೇರವಾಗಿ ಸಂಬಂಧಪಟ್ಟ ಹತ್ತಿರದ ಊರುಗಳನ್ನಷ್ಟೇ ನೋಡುವುದೆಂದು ತೀರ್ಮಾನಿಸಿ, ಲೈಪ್‌ಜಿಗ್, ಡ್ರೆಸ್ಡೆನ್, ಗಡಿಯಾಚೆ ಚೆಕ್ ದೇಶದ ಟೆರೆಜಿನ್, ಪ್ರಾಗ್, ಕುಟ್ನಾ ಹೋರಾ ಎಂಬ ದಾರಿಯನ್ನು ಹಿಡಿದೆವು. ಈ ಕ್ರಮವೇ ಸರಿಯೆಂದು ನನಗೆ ದೃಢವಾಗಿ ಅನಿಸಿರುವುದರಿಂದ, ಮುಂದೆ ಹೊರಡುವವರಿಗೆ ಉಪಯೋಗವಾಗಲೆಂದು ವಿವರವಾಗಿ ಬರೆಯುತ್ತಿದ್ದೇನೆ.

ಲೈಪ್‌ಜಿಗ್ ವಿಶ್ವವಿದ್ಯಾಲಯ ಹುಟ್ಟಿದ್ದು ಪ್ರಾಗ್‌ನಲ್ಲಿ ಎದ್ದ ಒಂದು ವ್ಯಾಜ್ಯದಿಂದ. ನಾಲ್ಕನೆಯ ಚಾರ್ಲ್ಸ್ 1348ರಲ್ಲಿ ಪ್ರಾಗ್‌ನಲ್ಲಿ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದಾಗ ಅಲ್ಲಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಸೀಮೆಗೆ ಅನುಗುಣವಾಗಿ ನಾಲ್ಕು ಪಂಗಡಗಳಾಗಿ ವಿಂಗಡವಾಗಿದ್ದರು. ಆಡಳಿತದಲ್ಲಿ ಪ್ರತಿಯೊಂದು ಪಂಗಡಕ್ಕೂ ಒಂದೊಂದು ಮತವಿತ್ತು. 1409ರ ಜನವರಿಯಲ್ಲಿ ಚಾರ್ಲ್ಸನ ಮಗ ನಾಲ್ಕನೆಯ ವೆನ್ಸೆಸ್ಲಾಸ್ ಕುಟ್ನಾ ಹೋರಾದಿಂದ ಹೊರಡಿಸಿದ ಆಜ್ಞೆಯೊಂದು ಬೊಹೀಮಿಯದವರಿಗೆ, ಅಂದರೆ ಪ್ರಾಗ್ ಸುತ್ತಲಿನ ಸೀಮೆಯವರಿಗೆ, ಮೂರು ಮತಗಳನ್ನೂ ಉಳಿದ ಮೂರು ಪಂಗಡಗಳಿಗೆ ಒಟ್ಟು ಸೇರಿ ಒಂದೇ ಮತವನ್ನೂ ಕೊಟ್ಟಿತು. ಇದನ್ನು ಒಪ್ಪದ ಜರ್ಮನ್ ಅಧ್ಯಾಪಕರು ಶಿಷ್ಯರನ್ನು ಕರೆದುಕೊಂಡು ಪ್ರಾಗ್ ಬಿಟ್ಟರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಲೈಪ್‌ಜಿಗ್‌ನಲ್ಲಿ ಹೊಸ ವಿಶ್ವವಿದ್ಯಾಲಯ ಆರಂಭವಾಯಿತು. ನನ್ನ ಗುರುತಿನ ಚೀಟಿಯ ಮೇಲಿರುವ ಸಂಸ್ಥೆ ಇದರಿಂದ ಹುಟ್ಟಿತೆಂದು ತಿಳಿದ ಮೇಲೆ ಪ್ರಾಗ್‌ಗೆ ಹೋಗಲು ಬೇರೆ ಕಾರಣ ಬೇಕಾಗಲಿಲ್ಲ.

ಮೊದಲ ದಿನ ನಾವು ಊರು ಬಿಡಲೇ ಇಲ್ಲ. ದಿನವೂ ತರಗತಿಗೆ ಹೋಗುವಾಗ ದಾಟುವ ಆಗಸ್ಟಸ್ ಚೌಕದಲ್ಲಿ ನಿಂತು, ಯುದ್ಧದ ಬಾಂಬುಗಳಿಗೂ ಜಗ್ಗದೆ ಉಳಿದಿದ್ದ ವಿಶ್ವವಿದ್ಯಾಲಯದ ಹಳೆಯ ಚರ್ಚನ್ನು ಪೂರ್ವ ಜರ್ಮನಿಯ ಸರ್ಕಾರ 1968ರ ಮೇ 30ರಂದು ಸ್ಫೋಟಕವಿಟ್ಟು ಉರುಳಿಸಿದ ಕಥೆಯನ್ನು ಗೆಳತಿಯೊಬ್ಬಳು ಹೇಳಿದಳು. ಈಗ ಆ ಜಾಗದಲ್ಲಿರುವ ಕಟ್ಟಡದ ಮುಂಭಾಗ ಆ ಚರ್ಚಿನ ಮೊನಚು ಮಾಡನ್ನು ಏಕೆ ನೆನಪಿಸುತ್ತದೆಂಬುದು ಎಲ್ಲರಿಗೂ ಅಂದು ತಿಳಿಯಿತು. ಅಲ್ಲಿಂದ ಐದು ನಿಮಿಷ ನಡೆದರೆ ನಿಕೊಲಾಯ್ ಚರ್ಚು. ಒಳಗಿನ ಬಿಳಿಯ ಕಂಬಗಳ ತುದಿಯಲ್ಲಿ ತಾಳೆ ಗರಿಗಳು ಹಸಿರಾಗಿ ಬಿಚ್ಚಿಕೊಂಡಿವೆ. ಅಂಥದೇ ಒಂದು ಕಂಬವನ್ನು ಹೊರಗಿನ ಚೌಕದಲ್ಲಿಯೂ ಸ್ಮಾರಕವಾಗಿ ನಿಲ್ಲಿಸಿದ್ದಾರೆ. ಇಲ್ಲಿನ ಸೋಮವಾರದ ಪ್ರಾರ್ಥನೆಯಿಂದ ಹೊರಟ ಜನ 1989ರ ಅಕ್ಟೋಬರ್ 9ರಂದು ಸುಮಾರು 70,000ದಷ್ಟಾಗಿ ಊರಿನ ವರ್ತುಲ ರಸ್ತೆಯಲ್ಲಿ ನಡೆದರು, ಪೊಲೀಸರು ಗುಂಡು ಹಾರಿಸಲಿಲ್ಲ. ಒಂದು ತಿಂಗಳಲ್ಲಿ ಬರ್ಲಿನ್ ಗೋಡೆ ತೆರೆಯಿತು.

ಆ ಶರತ್ಕಾಲದ ಕಥೆಯೂ ನಾವು ಮುಂದೆ ಹಿಡಿದ ಡ್ರೆಸ್ಡೆನ್-ಪ್ರಾಗ್ ರೈಲು ಹಳಿಯ ಮೇಲೆಯೇ ಸಾಗುತ್ತದೆ. ಪ್ರಾಗ್‌ನ ಪಶ್ಚಿಮ ಜರ್ಮನ್ ರಾಯಭಾರ ಕಚೇರಿಯ ತೋಟದಲ್ಲಿ ಪೂರ್ವ ಜರ್ಮನಿಯ ಸಾವಿರಾರು ಜನ ಡೇರೆ ಹಾಕಿಕೊಂಡು ಕುಳಿತಿದ್ದರು. ಸೆಪ್ಟೆಂಬರ್ 30ರ ಸಂಜೆ ಪಶ್ಚಿಮ ಜರ್ಮನಿಯ ವಿದೇಶಾಂಗ ಸಚಿವ ಗೆನ್ಷರ್ ಅಲ್ಲಿನ ಬಾಲ್ಕನಿಯಲ್ಲಿ ನಿಂತು, ಅವರು ಪಶ್ಚಿಮಕ್ಕೆ ಹೋಗಬಹುದೆಂದು ತಿಳಿಸಿದರು. ಅವರನ್ನು ಹೊತ್ತ ರೈಲುಗಳು ಡ್ರೆಸ್ಡೆನ್ ಮೂಲಕವೇ ಹಾದುಹೋದವು. ಅಕ್ಟೋಬರ್ 4ರಂದು ಡ್ರೆಸ್ಡೆನ್ ನಿಲ್ದಾಣದಲ್ಲಿ ಆ ರೈಲು ಹತ್ತಲು ನುಗ್ಗಿದ ಜನರಿಗೂ ಪೊಲೀಸರಿಗೂ ಘರ್ಷಣೆ ನಡೆಯಿತು. ನಾವು ಪ್ರಾಗ್ ರೈಲಿಗೆ ಕಾಯುತ್ತ ನಿಂತದ್ದು ಅದೇ ನಿಲ್ದಾಣದಲ್ಲಿ.

ಮುಂದಿನ ವಿವರಗಳನ್ನು ಪ್ರಶ್ನೆಗಳು ಬಂದ ಹಾಗೆ ಬರೆಯುತ್ತೇನೆ. ನಿಮ್ಮಲ್ಲಿ ಯಾರಾದರೂ ಹೀಗೆ ಒಂದೇ ಎಳೆ ಹಿಡಿದು ಪ್ರವಾಸ ಮಾಡಿದ್ದರೆ ದಯವಿಟ್ಟು ತಿಳಿಸಿ.

ಆಖೆನ್ ವಿದ್ಯಾರ್ಥಿ:

ಬರಹ ಚೆನ್ನಾಗಿದೆ, ಆದರೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನಮ್ಮಂಥವರು ಇಲ್ಲಿರುವುದು ಎರಡು ವರ್ಷ. ಅದರಲ್ಲಿ ಪರೀಕ್ಷೆ, ಪ್ರಬಂಧ, ವಾರಾಂತ್ಯದ ಕೆಲಸ ಎಲ್ಲ ಕಳೆದರೆ ಪ್ರವಾಸಕ್ಕೆ ಸಿಗುವ ದಿನಗಳು ಬಹಳ ಕಡಿಮೆ. ಊರಿನಲ್ಲಿ ಅಪ್ಪ ಅಮ್ಮ ಸಾಲ ಮಾಡಿ ಕಳುಹಿಸಿದ್ದಾರೆ. ಮತ್ತೊಮ್ಮೆ ಯೂರೋಪಿಗೆ ಬರುವ ಅವಕಾಶ ಸಿಗುತ್ತದೆಂಬ ಭರವಸೆ ಎಲ್ಲರಿಗೂ ಇರುವುದಿಲ್ಲ. ಹಾಗಿರುವಾಗ ಪ್ರಾಗ್‌ವರೆಗೆ ಹೋಗಿ ವಿಯೆನ್ನಾ, ಬುಡಾಪೆಸ್ಟ್ ನೋಡದೆ ಹಿಂದಿರುಗುವುದು ನ್ಯಾಯವೇ? ಡ್ಯಾನ್ಯೂಬ್ ದಡದಲ್ಲಿ ಒಂದು ಸಂಜೆ ನಿಂತು ಬಂದವನಿಗೂ ಏನೋ ಒಂದು ದಕ್ಕಿರುತ್ತದೆ. ಚರಿತ್ರೆಯನ್ನು ಪೂರ್ತಿ ಓದಿಕೊಂಡೇ ಹೋಗಬೇಕೆಂದರೆ ಬಹಳ ಜನ ಮನೆಯಲ್ಲಿಯೇ ಉಳಿಯಬೇಕಾಗುತ್ತದೆ.

ಧಾರವಾಡದ ಇತಿಹಾಸ ಅಧ್ಯಾಪಕ:

ಇಬ್ಬರ ಮಾತಿನಲ್ಲಿಯೂ ಸತ್ವವಿದೆ. ದುಡ್ಡು ಮತ್ತು ದಿನಗಳ ಲೆಕ್ಕವನ್ನು ಮರೆತು ಯಾರೂ ಉಪದೇಶ ಮಾಡಬಾರದು. ಆದರೂ ವಿದ್ಯಾರ್ಥಿನಿಯವರು ಹಿಡಿದ ಎಳೆಯನ್ನು ಸ್ವಲ್ಪ ಮುಂದಕ್ಕೆ ಎಳೆದು ತೋರಿಸಬೇಕೆನಿಸಿತು, ಏಕೆಂದರೆ ಪ್ರಾಗ್‌ನ ಚರಿತ್ರೆಯಲ್ಲಿ ವಿದ್ಯಾರ್ಥಿಗಳೂ ಅಧ್ಯಾಪಕರೂ ಕಾಲಕಾಲಕ್ಕೆ ನಡುಬೀದಿಗೆ ಬಂದಿದ್ದಾರೆ.

ಹಳೆಯ ಪಟ್ಟಣದ ಚೌಕದಲ್ಲಿ 1410ರ ಖಗೋಳ ಗಡಿಯಾರದ ಮುಂದೆ ತಾಸು ತಾಸಿಗೂ ಜನ ಮುತ್ತುತ್ತಾರೆ. ಅದೇ ಪುರಭವನದ ಪೂರ್ವ ಗೋಡೆಯ ಕಡೆಗೆ ತಿರುಗಿದರೆ ನೆಲಹಾಸಿನಲ್ಲಿ ಬಿಳಿಯ ಕಲ್ಲಿನ 27 ಶಿಲುಬೆಗಳಿವೆ. ಹ್ಯಾಬ್ಸ್‌ಬರ್ಗ್ ದೊರೆಯ ವಿರುದ್ಧ ದಂಗೆಯೆದ್ದು ಸೋತ ಬೊಹೀಮಿಯದ 27 ಮುಖಂಡರಿಗೆ 1621ರ ಜೂನ್ 21ರಂದು ಅಲ್ಲಿ ಮರಣದಂಡನೆಯಾಯಿತು. ಅವರಲ್ಲೊಬ್ಬರು ಯಾನ್ ಯೆಸೆನಿಯಸ್, ಆಗಿನ ವಿಶ್ವವಿದ್ಯಾಲಯದ ಮುಖ್ಯಸ್ಥರು. 1600ರಲ್ಲಿ ಪ್ರಾಗ್‌ನಲ್ಲಿ ಸಾರ್ವಜನಿಕರೆದುರು ಶವಚ್ಛೇದ ಮಾಡಿ ತೋರಿಸಿದ ವೈದ್ಯರು. 1939ರ ನವೆಂಬರ್ 17ರಂದು ನಾಜಿಗಳು ಚೆಕ್ ವಿಶ್ವವಿದ್ಯಾಲಯಗಳನ್ನು ಮುಚ್ಚಿ, ಒಂಬತ್ತು ಮಂದಿಯನ್ನು ಕೊಂದು, ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಝಾಕ್ಸೆನ್‌ಹೌಸೆನ್ ಶಿಬಿರಕ್ಕೆ ಸಾಗಿಸಿದರು. ಅಂತರರಾಷ್ಟ್ರೀಯ ವಿದ್ಯಾರ್ಥಿ ದಿನ ಬಂದಿರುವುದು ಆ ದಿನಾಂಕದಿಂದ. ಸೋವಿಯತ್ ನೇತೃತ್ವದ ಸೇನೆಗಳು ದೇಶವನ್ನು ಆಕ್ರಮಿಸಿದ ಮರುವರ್ಷ, 1969ರ ಜನವರಿ 16ರಂದು, ಯಾನ್ ಪಲಾಖ್ ಎಂಬ ವಿದ್ಯಾರ್ಥಿ ವೆನ್ಸೆಸ್ಲಾಸ್ ಚೌಕದಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡು ಮೂರು ದಿನಗಳ ನಂತರ ಪ್ರಾಣ ಬಿಟ್ಟ. ಮುಂದೆ 1989ರ ನವೆಂಬರ್ 17ರಂದು ವಿದ್ಯಾರ್ಥಿಗಳ ಮೆರವಣಿಗೆಯಿಂದಲೇ ಅಲ್ಲಿನ ಕಮ್ಯುನಿಸ್ಟ್ ಆಡಳಿತದ ಕೊನೆ ಮೊದಲಾಯಿತು. ಇಷ್ಟನ್ನು ತಿಳಿದುಕೊಂಡು ಆ ಊರಿನಲ್ಲಿ ನಡೆಯುವ ವಿದ್ಯಾರ್ಥಿಗೆ ಅದು ಬರಿಯ ಗೋಪುರಗಳ ಊರಾಗಿ ಕಾಣಲಾರದು.

ಡ್ರೆಸ್ಡೆನ್ ಬಗ್ಗೆ ಒಂದು ಎಚ್ಚರಿಕೆ. 1945ರ ಫೆಬ್ರವರಿ 13ರಿಂದ ನಡೆದ ಬಾಂಬ್ ದಾಳಿಯಲ್ಲಿ ಎರಡು ಲಕ್ಷ ಜನ ಸತ್ತರೆಂಬ ಮಾತನ್ನು ಈಗಲೂ ಕೆಲವರು ಹೇಳುತ್ತಾರೆ. ಅದು ನಾಜಿ ಪ್ರಚಾರದಿಂದ ಹುಟ್ಟಿದ ಸಂಖ್ಯೆ. ನಗರವೇ ನೇಮಿಸಿದ ಇತಿಹಾಸಕಾರರ ಸಮಿತಿ 2010ರಲ್ಲಿ, ಸತ್ತವರು ಹೆಚ್ಚೆಂದರೆ 25,000 ಎಂದು ವರದಿ ಕೊಟ್ಟಿದೆ. ಆ ಸಂಖ್ಯೆಯೇ ಸಾಕಷ್ಟು ಭಯಂಕರವಾಗಿರುವಾಗ ಅದನ್ನು ಹಿಗ್ಗಿಸುವ ಅಗತ್ಯವಿಲ್ಲ. ಅಲ್ಲಿನ ಯೆಹೂದಿ ಪ್ರಾರ್ಥನಾ ಮಂದಿರವನ್ನು 1938ರ ನವೆಂಬರ್ 9ರ ರಾತ್ರಿಯೇ ಸುಟ್ಟಿದ್ದರು. ಊರಿನಲ್ಲಿ ಉಳಿದಿದ್ದ ಕೆಲವೇ ಯೆಹೂದಿಗಳಿಗೆ ಗಡೀಪಾರಿನ ನೋಟಿಸು ಹಂಚಿದ ದಿನ 1945ರ ಅದೇ ಫೆಬ್ರವರಿ 13. ಆ ರಾತ್ರಿಯ ಗೊಂದಲದಲ್ಲಿ ಅಂಗಿಯ ಮೇಲಿನ ಹಳದಿ ನಕ್ಷತ್ರವನ್ನು ಕಿತ್ತುಹಾಕಿ ಬದುಕಿ ಉಳಿದವರಲ್ಲಿ ಭಾಷಾ ವಿದ್ವಾಂಸ ವಿಕ್ಟರ್ ಕ್ಲೆಂಪರರ್ ಒಬ್ಬರು. ಈ ಎರಡನ್ನೂ ಒಟ್ಟಿಗೆ ಹೇಳದೆ ಡ್ರೆಸ್ಡೆನ್ ಕಥೆ ಹೇಳಬಾರದು.

ಲೈಪ್‌ಜಿಗ್ ವಿದ್ಯಾರ್ಥಿನಿ:

ಸರ್, ತುಂಬಾ ಧನ್ಯವಾದಗಳು. ಯೆಸೆನಿಯಸ್ ವಿಷಯ ನಮಗೆ ಗೊತ್ತಿರಲಿಲ್ಲ. ಶಿಲುಬೆಗಳನ್ನು ಮಾತ್ರ ನೋಡಿಬಂದಿದ್ದೆವು.

ಡ್ರೆಸ್ಡೆನ್‌ನಲ್ಲಿ ನಾವು ಹೆಚ್ಚು ಹೊತ್ತು ಕಳೆದದ್ದು ಫ್ರೌವೆನ್ ಚರ್ಚಿನ ಗೋಡೆಯ ಮುಂದೆ. ಬಾಂಬ್ ದಾಳಿಯ ಬೆಂಕಿಗೆ ಎರಡು ದಿನಗಳ ಮೇಲೆ ಕುಸಿದುಬಿದ್ದ ಈ ಚರ್ಚಿನ ಕಲ್ಲುರಾಶಿಯನ್ನು ಸುಮಾರು ಅರ್ಧ ಶತಮಾನ ಹಾಗೆಯೇ ಬಿಟ್ಟಿದ್ದರು. ಆಮೇಲೆ ಕಲ್ಲುಗಳನ್ನು ಒಂದೊಂದಾಗಿ ಗುರುತು ಹಚ್ಚಿ, ಬಳಸಬಹುದಾದವನ್ನು ಸಾಧ್ಯವಾದಷ್ಟೂ ಮೂಲ ಜಾಗದಲ್ಲಿಯೇ ಇಟ್ಟು ಕಟ್ಟಿ, 2005ರ ಅಕ್ಟೋಬರ್ 30ರಂದು ಮತ್ತೆ ತೆರೆದರು. ಹಳೆಯ ಕಲ್ಲು ಕಪ್ಪು, ಹೊಸದು ತಿಳಿ ಹಳದಿ. ಹಾಗಾಗಿ ಗೋಡೆಯ ತುಂಬ ಅಲ್ಲಲ್ಲಿ ಕಪ್ಪು ಮಚ್ಚೆಗಳು ಕಾಣುತ್ತವೆ. ಗುಮ್ಮಟದ ತುದಿಯ ಈಗಿನ ಶಿಲುಬೆಯನ್ನು ಮಾಡಿದ ಲಂಡನ್ನಿನ ಅಕ್ಕಸಾಲಿಗನ ತಂದೆ ಆ ದಾಳಿಯಲ್ಲಿ ಭಾಗವಹಿಸಿದ್ದ ವಿಮಾನ ಚಾಲಕರು. ಅವಶೇಷಗಳಡಿಯಲ್ಲಿ ಸಿಕ್ಕ ಹಳೆಯ ಶಿಲುಬೆಯನ್ನು, ಅದು ನುಲಿದುಕೊಂಡಿರುವ ಹಾಗೆಯೇ, ಒಳಗೆ ನಿಲ್ಲಿಸಿದ್ದಾರೆ.

ಆಖೆನ್‌ನವರೇ, ನಿಮ್ಮ ಆಕ್ಷೇಪಣೆ ನಮ್ಮ ಗುಂಪಿನೊಳಗೇ ಬಂದಿತ್ತು. ಎಲ್ಲರೂ ಎಲ್ಲವನ್ನೂ ಓದಿಕೊಂಡು ಬರಬೇಕೆಂದು ನಾವು ಹೇಳಲಿಲ್ಲ. ಒಬ್ಬೊಬ್ಬರು ಒಂದೊಂದು ಜಾಗವನ್ನು ವಹಿಸಿಕೊಂಡು, ಅದರ ಬಗ್ಗೆ ಮಾತ್ರ ತಿಳಿದುಕೊಂಡು, ಆ ಜಾಗದಲ್ಲಿಯೇ ನಿಂತು ಹತ್ತು ನಿಮಿಷ ಹೇಳುವುದು. ಅಷ್ಟು ಹೊತ್ತು ಉಳಿದವರು ಫೋನ್ ಹೊರತೆಗೆಯದೆ ಕೇಳುವುದು. ಚರಿತ್ರೆಯಲ್ಲಿ ಆಸಕ್ತಿಯೇ ಇಲ್ಲವೆನ್ನುತ್ತಿದ್ದ ಯಂತ್ರಶಾಸ್ತ್ರದ ಗೆಳೆಯ ಖಗೋಳ ಗಡಿಯಾರವನ್ನು ವಹಿಸಿಕೊಂಡು, ಒಂದು ಮುಳ್ಳು ಸೂರ್ಯನನ್ನೂ ಇನ್ನೊಂದು ಚಂದ್ರನನ್ನೂ ರಾಶಿಚಕ್ರದ ಮೇಲೆ ಹೇಗೆ ಸಾಗಿಸುತ್ತದೆಂದು ಕಾಗದದ ಮೇಲೆ ಬರೆದು ತೋರಿಸಿದ್ದನ್ನು ನಾವ್ಯಾರೂ ಮರೆಯಲಾರೆವು. ಗುಂಪಿನಲ್ಲಿ ಹೋಗುವುದರ ದೊಡ್ಡ ಲಾಭ ಇದೇ ಎಂದು ನನಗೆ ಅನಿಸಿದೆ.

ಹಾಸನದ ತಾಯಿ:

ನನ್ನ ಮಗಳೂ ಈ ವರ್ಷ ಜರ್ಮನಿಗೆ ಹೋಗಿದ್ದಾಳೆ, ಆದ್ದರಿಂದ ಈ ಚರ್ಚೆಯನ್ನು ಆಸೆಯಿಂದ ಓದುತ್ತಿದ್ದೇನೆ. ಒಂದು ಅನುಮಾನ. ಟೆರೆಜಿನ್ ಎಂದರೆ ನಾಜಿಗಳು ಜನರನ್ನು ಕೂಡಿಹಾಕಿದ್ದ ಜಾಗವೆಂದು ಓದಿ ತಿಳಿದೆ. ಮನೆ ಬಿಟ್ಟು ಮೊದಲ ಬಾರಿಗೆ ದೂರ ಹೋಗಿರುವ, ಚಳಿಗಾಲವಿಡೀ ಒಂಟಿತನ ಪಟ್ಟಿರುವ ಮಕ್ಕಳು ರಜೆಯ ನಡುವೆ ಅಂಥ ಜಾಗಕ್ಕೆ ಹೋಗಲೇಬೇಕೇ? ತಪ್ಪು ತಿಳಿಯಬೇಡಿ, ತಾಯಿಯಾಗಿ ಕೇಳುತ್ತಿದ್ದೇನೆ.

ಪ್ರಾಗ್ ನಿವಾಸಿ:

ಅಮ್ಮ, ನಿಮ್ಮ ಪ್ರಶ್ನೆ ಯೋಗ್ಯವಾದದ್ದೇ. ಊರಿನಿಂದ ಬಂದ ನೆಂಟರನ್ನೂ ಸ್ನೇಹಿತರನ್ನೂ ಅಲ್ಲಿಗೆ ಕರೆದೊಯ್ಯುವಾಗ ನಾನೂ ಮೊದಲು ಕೇಳಿಯೇ ಕರೆದೊಯ್ಯುತ್ತೇನೆ. ಬೇಡವೆನಿಸಿದವರು ಆ ದಿನ ಪ್ರಾಗ್‌ನಲ್ಲಿಯೇ ಉಳಿಯಲಿ, ಗುಂಪು ಅದಕ್ಕಾಗಿ ಅವರನ್ನು ಒತ್ತಾಯಿಸಬಾರದು. ಆದರೆ ಹೋಗಲು ಮನಸ್ಸಿರುವವರು ತಿಳಿದುಕೊಂಡು ಹೋದರೆ ಅಲ್ಲಿ ಕಾಣುವುದು ಸಾವಿನ ಲೆಕ್ಕ ಮಾತ್ರವಲ್ಲ.

ಟೆರೆಜಿನ್ ಮೂಲತಃ ಕೋಟೆ ಊರು. ಎರಡನೆಯ ಜೋಸೆಫ್ ಚಕ್ರವರ್ತಿ 1780ರಲ್ಲಿ ಕಟ್ಟಿಸಲು ತೊಡಗಿ ತನ್ನ ತಾಯಿ ಮರಿಯಾ ತೆರೇಸಾಳ ಹೆಸರಿಟ್ಟ. 1941ರ ನವೆಂಬರ್‌ನಿಂದ ನಾಜಿಗಳು ಇಡೀ ಊರನ್ನು ಯೆಹೂದಿಗಳ ಸೆರೆಯಾಗಿಸಿದರು. ಅಲ್ಲಿಗೆ ತಂದ ಸುಮಾರು 1,40,000 ಜನರಲ್ಲಿ ಸುಮಾರು 33,000 ಮಂದಿ ಹಸಿವು, ಕಾಯಿಲೆಗಳಿಂದ ಅಲ್ಲಿಯೇ ಸತ್ತರು. ಅದಕ್ಕಿಂತ ಎಷ್ಟೋ ಹೆಚ್ಚು ಜನರನ್ನು ಆಶ್‌ವಿಟ್ಸ್ ಕೊಲೆ ಶಿಬಿರ ಮೊದಲಾದ ಕಡೆಗೆ ಸಾಗಿಸಿದರು. 1944ರ ಜೂನ್ 23ರಂದು ರೆಡ್‌ಕ್ರಾಸ್ ಪ್ರತಿನಿಧಿಗಳು ಬರುವ ಮುನ್ನ ಬೀದಿಗಳಿಗೆ ಬಣ್ಣ ಬಳಿಸಿ, ಹೂಗಿಡ ನೆಡಿಸಿ, ಊರು ಕಿಕ್ಕಿರಿದಂತೆ ಕಾಣಬಾರದೆಂದು ಸಾವಿರಾರು ಜನರನ್ನು ಮುಂಚಿತವಾಗಿಯೇ ಆಶ್‌ವಿಟ್ಸ್‌ಗೆ ಕಳುಹಿಸಿ ಮೋಸದ ನಾಟಕ ಆಡಿದರು.

ಅದೇ ಸೆರೆಯಲ್ಲಿ ಫ್ರೀಡಲ್ ಡಿಕರ್-ಬ್ರಾಂಡೈಸ್ ಎಂಬ ಕಲಾವಿದೆ ಮಕ್ಕಳಿಗೆ ಚಿತ್ರ ಬರೆಯಲು ಕಲಿಸಿದರು. ಅವರು ಓದಿದ್ದು ವೈಮಾರ್‌ನ ಬೌಹೌಸ್ ಎಂಬ ಕಲಾಶಾಲೆಯಲ್ಲಿ, ಲೈಪ್‌ಜಿಗ್‌ಗೆ ಬಹಳ ಹತ್ತಿರದ ಊರು. 1944ರ ಅಕ್ಟೋಬರ್‌ನಲ್ಲಿ ಅವರನ್ನು ಆಶ್‌ವಿಟ್ಸ್‌ನಲ್ಲಿ ಕೊಂದರು. ಮಕ್ಕಳ ಸುಮಾರು 4,500 ಚಿತ್ರಗಳು ಎರಡು ಸೂಟ್‌ಕೇಸುಗಳಲ್ಲಿ ಉಳಿದುಕೊಂಡು ಈಗ ಪ್ರಾಗ್‌ನ ಯೆಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಪಿಂಕಾಸ್ ಎಂಬ ಯೆಹೂದಿ ಪ್ರಾರ್ಥನಾ ಮಂದಿರದ ಮೇಲಂತಸ್ತಿನಲ್ಲಿ ಕೆಲವನ್ನು ನೋಡಬಹುದು. ಕೆಳಗಿನ ಗೋಡೆಗಳ ಮೇಲೆ ಬೊಹೀಮಿಯ, ಮೊರಾವಿಯ ಸೀಮೆಗಳಿಂದ ಕೊಲೆಯಾದ ಸುಮಾರು 78,000 ಯೆಹೂದಿಗಳ ಹೆಸರುಗಳನ್ನು ಕೈಯಿಂದಲೇ ಬರೆದಿದ್ದಾರೆ. ಮನೆತನದ ಹೆಸರು ಕೆಂಪಿನಲ್ಲಿ, ಅದರ ಮುಂದೆ ಆ ಮನೆಯವರ ಹೆಸರುಗಳೂ ದಿನಾಂಕಗಳೂ ಕಪ್ಪಿನಲ್ಲಿ. ಐವತ್ತರ ದಶಕದಲ್ಲಿ ಬರೆದ ಈ ಹೆಸರುಗಳು 1968ರ ನಂತರದ ಆಡಳಿತದಲ್ಲಿ ಅಳಿದುಹೋದವು. ತೊಂಬತ್ತರ ದಶಕದಲ್ಲಿ ಎಲ್ಲವನ್ನೂ ಮತ್ತೆ ಮೊದಲಿನಿಂದ ಬರೆಯಲಾಯಿತು.

ನನ್ನ ಸಲಹೆಯೆಂದರೆ, ಟೆರೆಜಿನ್ ನೋಡಿದ ದಿನ ಬೇರೇನನ್ನೂ ಇಟ್ಟುಕೊಳ್ಳಬೇಡಿ. ಪ್ರಾಗ್‌ನ ಹೋಲೆಶೋವಿತ್ಸೆ ನಿಲ್ದಾಣದಿಂದ ಬಸ್ಸಿಗೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಸಂಜೆ ಹಿಂದಿರುಗಿ ಎಲ್ಲರೂ ಸೇರಿ ಅಡುಗೆ ಮಾಡಿ ಉಣ್ಣಿ. ಪಿಂಕಾಸ್ ಮಂದಿರವನ್ನು ಮರುದಿನಕ್ಕೆ ಇಟ್ಟುಕೊಳ್ಳಿ.

ಫ್ರೈಬರ್ಗ್ ಗಣಿ ವಿದ್ಯಾರ್ಥಿ:

ಕುಟ್ನಾ ಹೋರಾ ಬಗ್ಗೆ ಯಾರೂ ಬರೆಯದ್ದರಿಂದ ನಾನು ಬರೆಯುತ್ತೇನೆ. ನಾನು ಕೆಜಿಎಫ್‌ನವನು, ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಈಗ ಓದುತ್ತಿರುವುದು 1765ರಲ್ಲಿ ಸ್ಥಾಪನೆಯಾದ ಫ್ರೈಬರ್ಗ್ ಗಣಿ ವಿಶ್ವವಿದ್ಯಾಲಯದಲ್ಲಿ. ಫ್ರೈಬರ್ಗ್‌ನಲ್ಲಿ ಬೆಳ್ಳಿ ಸಿಕ್ಕಿದ್ದು 1168ರಲ್ಲಿ. ಮುಂದಿನ ಶತಮಾನದಲ್ಲಿ ಕುಟ್ನಾ ಹೋರಾದಲ್ಲಿ ಬೆಳ್ಳಿ ಸಿಕ್ಕಾಗ ಜರ್ಮನ್ ಗಣಿಗಾರರು ಅಲ್ಲಿಗೂ ಹೋಗಿ ನೆಲೆಸಿದರು. 1300ರಿಂದ ಅಲ್ಲಿನ ಟಂಕಸಾಲೆಯಲ್ಲಿ ಅಚ್ಚಾದ ಪ್ರಾಗ್ ಗ್ರೋಶನ್ ನಾಣ್ಯ ಮಧ್ಯ ಯೂರೋಪಿನಲ್ಲೆಲ್ಲ ಚಲಾವಣೆಯಲ್ಲಿತ್ತು. ಪ್ರಾಗ್‌ನ ವೈಭವಕ್ಕೆ ದುಡ್ಡು ಎಲ್ಲಿಂದ ಬಂತೆಂದು ಕೇಳಿದರೆ ಉತ್ತರದ ಬಹುಪಾಲು ಈ ನೆಲದಡಿಯಲ್ಲಿದೆ.

ಹೆಚ್ಚಿನವರು ಅಲ್ಲಿ ಸೆಡ್ಲೆತ್ಸ್‌ನ ಎಲುಬಿನ ಚರ್ಚನ್ನು ನೋಡಿಕೊಂಡು ರೈಲು ಹತ್ತುತ್ತಾರೆ. ಸುಮಾರು 40,000 ಜನರ ಮೂಳೆಗಳಿರುವ ಅಲ್ಲಿ ಪ್ರವಾಸಿಗರ ನಡವಳಿಕೆಯನ್ನು ನೋಡಿ 2020ರಿಂದ ಫೋಟೊ ತೆಗೆಯುವುದನ್ನು ನಿರ್ಬಂಧಿಸಿದ್ದಾರೆ, ಅದು ಸರಿಯಾದ ಕ್ರಮ. ಅಲ್ಲಿಗೆ ನಿಲ್ಲಿಸದೆ ಊರೊಳಗೆ ಹೋಗಿ. ಗಣಿಗಾರರ ರಕ್ಷಕಿಯಾದ ಸಂತ ಬಾರ್ಬರಾಳ ಚರ್ಚನ್ನು 1388ರಲ್ಲಿ ಆರಂಭಿಸಿದರು. ಬೆಳ್ಳಿ ಬತ್ತಿ ಕೆಲಸ ನಿಂತು, ಅದು ಪೂರ್ತಿಯಾದದ್ದು 1905ರಲ್ಲಿ. ಗೋಡೆಯ ಮೇಲೆ ನಾಣ್ಯ ಅಚ್ಚು ಹಾಕುವವರ ಚಿತ್ರವಿದೆ, ಬಿಳಿಯ ನಿಲುವಂಗಿ ತೊಟ್ಟ ಗಣಿಗಾರನ ಮೂರ್ತಿಯಿದೆ. ರಾಜರಿಗೂ ಸಂತರಿಗೂ ಮೀಸಲಾದ ಜಾಗದಲ್ಲಿ ಒಬ್ಬ ಕೂಲಿಯವನನ್ನು ನಿಲ್ಲಿಸಿದ್ದಾರಲ್ಲ ಎಂದು ನನಗೆ ಮನಸ್ಸು ತುಂಬಿತು. ಬೆಳ್ಳಿ ವಸ್ತುಸಂಗ್ರಹಾಲಯದವರು ನಮಗೂ ಅಂಥದೇ ಬಿಳಿ ಅಂಗಿ, ಹೆಲ್ಮೆಟ್, ದೀಪ ಕೊಟ್ಟು ಹಳೆಯ ಸುರಂಗಕ್ಕೆ ಇಳಿಸುತ್ತಾರೆ. ಕೆಲವೆಡೆ ಪಕ್ಕಕ್ಕೆ ತಿರುಗಿ ಬಗ್ಗಿಯೇ ನಡೆಯಬೇಕು. ಇಕ್ಕಟ್ಟಿಗೆ ಹೆದರುವವರು ಹೊರಗೇ ಇರುವುದು ಒಳ್ಳೆಯದು.

ಡ್ರೆಸ್ಡೆನ್ ಉದ್ಯೋಗಿ:

ವ್ಯವಹಾರದ ನಾಲ್ಕು ಮಾತು. ಜರ್ಮನಿಯ ವಾಸದ ಪರವಾನಗಿ ಇದ್ದವರು ಚೆಕ್ ದೇಶಕ್ಕೆ ಬೇರೆ ವೀಸಾ ಇಲ್ಲದೆ ಹೋಗಬಹುದು, 180 ದಿನಗಳಲ್ಲಿ 90 ದಿನಗಳ ಮಿತಿಯೊಳಗೆ. ಆದರೆ ಪರವಾನಗಿಯ ಕಾರ್ಡಿನ ಜೊತೆಗೆ ಪಾಸ್‌ಪೋರ್ಟ್ ಮೂಲಪ್ರತಿಯೇ ಕೈಯಲ್ಲಿರಬೇಕು. ಹಿಂದಿರುಗುವಾಗ ಗಡಿಯಲ್ಲಿ ಜರ್ಮನ್ ಪೊಲೀಸರು ರೈಲಿನೊಳಗೆ ಬಂದು ತಪಾಸಣೆ ಮಾಡುವುದುಂಟು, ಫೋನಿನಲ್ಲಿರುವ ಫೋಟೊ ತೋರಿಸಿದರೆ ನಡೆಯುವುದಿಲ್ಲ. ಡಾಯ್ಚ್‌ಲಾಂಡ್ ಟಿಕೆಟ್ (ಜರ್ಮನಿಯ ಪ್ರಾದೇಶಿಕ ರೈಲುಗಳಿಗೆ ನಡೆಯುವ ತಿಂಗಳ ಪಾಸು) ಇದ್ದರೆ ಲೈಪ್‌ಜಿಗ್‌ನಿಂದ ಡ್ರೆಸ್ಡೆನ್‌ಗೂ ಅಲ್ಲಿಂದ ಗಡಿಯವರೆಗೂ ಪ್ರಾದೇಶಿಕ ರೈಲುಗಳಲ್ಲಿ ಹೋಗಬಹುದು. ಪ್ರಾಗ್‌ಗೆ ನೇರ ಹೋಗುವ ಯೂರೋಸಿಟಿ ರೈಲಿಗೆ ಮಾತ್ರ ಬೇರೆ ಟಿಕೆಟ್ ಬೇಕು, ಮುಂಚಿತವಾಗಿ ಕೊಂಡರೆ ಅಗ್ಗ. ಡ್ರೆಸ್ಡೆನ್‌ನಿಂದ ಹೊರಟರೆ ಎಡಬದಿಯ ಕಿಟಕಿಯಲ್ಲಿ ಕೂರಿ, ಎಲ್ಬೆ ನದಿ ಆ ಕಡೆಗೇ ಇರುತ್ತದೆ.

ಅಲ್ಲಿ ಯೂರೊ ಅಲ್ಲ, ಕೊರುನಾ. ಪ್ರವಾಸಿ ಬೀದಿಗಳ ಹಣ ವಿನಿಮಯದ ಅಂಗಡಿಗಳಲ್ಲಿ ದರ ವಿಚಾರಿಸದೆ ನೋಟು ಕೊಡಬೇಡಿ. ಕೊಟ್ಟು ಮೋಸವೆನಿಸಿದರೆ, 2019ರಿಂದ ಜಾರಿಯಲ್ಲಿರುವ ಕಾನೂನಿನಂತೆ, 1,000 ಯೂರೊವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರಸೀದಿ ತೋರಿಸಿ ರದ್ದುಮಾಡಿಸಬಹುದು. ಸರ್ಕಾರಿ ಆರೋಗ್ಯ ವಿಮೆಯ ಕಾರ್ಡಿನ ಹಿಂಬದಿ ಯೂರೋಪಿನ ಇತರ ದೇಶಗಳಲ್ಲಿ ತುರ್ತು ಚಿಕಿತ್ಸೆಗೆ ನಡೆಯುತ್ತದೆ. ಖಾಸಗಿ ವಿಮೆಯವರು ಹೊರಡುವ ಮುಂಚೆ ಕೇಳಿಕೊಳ್ಳಬೇಕು. ಸಸ್ಯಾಹಾರಿಗಳಿಗೆ ಹೋಟೆಲುಗಳಲ್ಲಿ ಸುಲಭವಾಗಿ ಸಿಗುವುದು ಕರಿದ ಚೀಸ್ ಮತ್ತು ಆಲೂಗಡ್ಡೆ. ಎರಡು ಹೊತ್ತು ಅದನ್ನೇ ತಿಂದ ಮೇಲೆ ಅನ್ನ ನೆನಪಾಗುತ್ತದೆ. ಬೀದಿ ಬೀದಿಗೂ ಇರುವ ವಿಯೆಟ್ನಾಮಿನವರ ದಿನಸಿ ಅಂಗಡಿಗಳಲ್ಲಿ ಅಕ್ಕಿ ಸಿಗುತ್ತದೆ, ಹಾಸ್ಟೆಲಿನಲ್ಲಿ ಅಡುಗೆಮನೆ ಇದೆಯೇ ಎಂದು ನೋಡಿಕೊಂಡೇ ಕಾದಿರಿಸಿ. ಸಾರಿನ ಪುಡಿ ಚೀಲದಲ್ಲಿರಲಿ.

ಆಖೆನ್ ವಿದ್ಯಾರ್ಥಿ:

ಎಲ್ಲರ ಮಾತನ್ನೂ ಓದಿದೆ. ಬುಡಾಪೆಸ್ಟ್ ಬಿಡಲು ಸಿದ್ಧನಿದ್ದೇನೆ, ಆದರೆ ವಿಯೆನ್ನಾ ನೋಡಬೇಕೆಂಬ ಆಸೆ ಹೋಗಿಲ್ಲ. ಆಖೆನ್‌ನಿಂದ ಹೊರಡುವ ನಮಗೆ ಇಂಥ ಒಂದು ಎಳೆ ಸಿಗುತ್ತದೆಯೇ?

ಧಾರವಾಡದ ಇತಿಹಾಸ ಅಧ್ಯಾಪಕ:

ನಿಮ್ಮ ಊರಿನಿಂದ ಸಿಗುವಷ್ಟು ಗಟ್ಟಿಯಾದ ಎಳೆ ಬೇರೆ ಕಡೆ ಸಿಗುವುದು ಕಷ್ಟ. ಶಾರ್ಲಮೇನ್ ಚಕ್ರವರ್ತಿ 814ರಲ್ಲಿ ತೀರಿಕೊಂಡು ಸಮಾಧಿಯಾದದ್ದು ಆಖೆನ್‌ನಲ್ಲಿ. 1531ರವರೆಗೂ ಜರ್ಮನ್ ರಾಜರ ಪಟ್ಟಾಭಿಷೇಕ ನಡೆಯುತ್ತಿದ್ದುದು ಅಲ್ಲಿನ ಎಂಟು ಮೂಲೆಯ ಚರ್ಚಿನಲ್ಲಿ. ಪ್ರಾಗ್‌ನ ನಾಲ್ಕನೆಯ ಚಾರ್ಲ್ಸ್ ಕೂಡ 1349ರಲ್ಲಿ ಅಲ್ಲಿ ಕಿರೀಟ ಧರಿಸಿದ. ಅವನೇ 1356ರಲ್ಲಿ ಹೊರಡಿಸಿದ ಸ್ವರ್ಣ ಶಾಸನದ ಪ್ರಕಾರ ರಾಜನ ಆಯ್ಕೆ ಫ್ರಾಂಕ್‌ಫರ್ಟ್‌ನಲ್ಲಿ, ಪಟ್ಟಾಭಿಷೇಕ ಆಖೆನ್‌ನಲ್ಲಿ, ಮೊದಲ ಸಭೆ ನ್ಯೂರೆಂಬರ್ಗ್‌ನಲ್ಲಿ ನಡೆಯಬೇಕಿತ್ತು. ನಿಮ್ಮ ದಾರಿ ಆ ಶಾಸನದಲ್ಲಿಯೇ ಬರೆದಿದೆ. ಇನ್ನು ಕಿರೀಟ: 1424ರಿಂದ 1796ರವರೆಗೆ ನ್ಯೂರೆಂಬರ್ಗ್‌ನಲ್ಲಿತ್ತು, ಆಮೇಲೆ ವಿಯೆನ್ನಾ ಸೇರಿತು, 1938ರಲ್ಲಿ ನಾಜಿಗಳು ಮತ್ತೆ ನ್ಯೂರೆಂಬರ್ಗ್‌ಗೆ ಒಯ್ದರು, 1946ರಲ್ಲಿ ಹಿಂದಿರುಗಿತು. ಈಗ ಅದು ವಿಯೆನ್ನಾದ ಹೋಫ್‌ಬರ್ಗ್ ಅರಮನೆಯ ಭಂಡಾರದಲ್ಲಿದೆ. ಅದರ ಪ್ರತಿಕೃತಿ ಆಖೆನ್ ಪುರಭವನದಲ್ಲಿಯೇ ಇರುವುದರಿಂದ ಹೊರಡುವ ಮುನ್ನ ಅದನ್ನು ನೋಡಿಕೊಂಡು ಹೊರಡಿ. ವಿಯೆನ್ನಾಕ್ಕೆ ಹೋಗಲು ನಿಮಗೀಗ ಒಳ್ಳೆಯ ಕಾರಣವಿದೆ.

ಪ್ರಾಗ್ ನಿವಾಸಿ:

ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಚಾರ್ಲ್ಸ್ ಪ್ರಾಗ್‌ನಲ್ಲಿ ಶಾರ್ಲಮೇನ್ ಹೆಸರಿನಲ್ಲಿ 1350ರಲ್ಲಿ ಆರಂಭಿಸಿದ ಕಾರ್ಲೋವ್ ಚರ್ಚು ಆಖೆನ್ ಮಾದರಿಯಲ್ಲಿಯೇ ಎಂಟು ಮೂಲೆಯದು. ಮೆಟ್ರೋದಲ್ಲಿ ಇ. ಪೆ. ಪಾವ್ಲೋವಾ ನಿಲ್ದಾಣದಲ್ಲಿ ಇಳಿದು ನಡೆದೇ ಹೋಗಬಹುದು. ಪ್ರವಾಸಿಗರ ದಟ್ಟಣೆ ಅಲ್ಲಿರುವುದಿಲ್ಲ. ಆ ದಿಬ್ಬದಿಂದ ಕೆಳಗಿಳಿದರೆ ಆಲ್ಬರ್ಟೋವ್, 1989ರ ನವೆಂಬರ್ 17ರ ವಿದ್ಯಾರ್ಥಿಗಳ ಮೆರವಣಿಗೆ ಹೊರಟ ಜಾಗ. ಅಲ್ಲಿಂದ ವಿಶೆಹ್ರಾಡ್ ಗುಡ್ಡ ಹತ್ತಿ, ನದಿಯ ದಡಕ್ಕೆ ಇಳಿದು, ಪೊಲೀಸರು ಅವರನ್ನು ತಡೆದು ಹೊಡೆದ ನಾರೊಡ್ನಿ ಬೀದಿಯವರೆಗೆ ಅದೇ ದಾರಿಯಲ್ಲಿ ನಡೆಯಬಹುದು. ಕಮಾನಿನ ಕೆಳಗಿನ ಗೋಡೆಯಲ್ಲಿ ಕಂಚಿನ ಕೈಗಳ ಫಲಕವಿದೆ, ಹುಡುಕುವುದು ಕಷ್ಟವಲ್ಲ. ಇಡೀ ನಡಿಗೆಗೆ ಅರ್ಧ ದಿನ ಇಟ್ಟುಕೊಳ್ಳಿ, ಒಳ್ಳೆಯ ಬೂಟು ಹಾಕಿಕೊಳ್ಳಿ. ಬರುವ ದಿನಾಂಕ ನಿಶ್ಚಯವಾದಾಗ ಇಲ್ಲಿ ಬರೆಯಿರಿ, ವಾರಾಂತ್ಯವಾದರೆ ನಾನೂ ನಿಮ್ಮ ಜೊತೆ ನಡೆಯುತ್ತೇನೆ.